ಬ್ಲ್ಯಾಕ್‌ಕರಂಟಿಗೊಂದು ಕತ್ತರಿ, ರೆಡ್‌ಕರಂಟಿಗೊಂದು

ಕಳೆದ ತಿಂಗಳ ಅಂಕಣ ಓದಿ, ಇಲ್ಲೇ ಇಂಗ್ಲೆಂಡಿನಲ್ಲಿರುವ ಓದುಗರೊಬ್ಬರು ಮೇಲ್ ಮಾಡಿದ್ದಾರೆ. ಬಾಡಿಗೆ ಮನೆ. ಹಿಂದುಗಡೆ ಮರದ ಬೇಲಿಗೆ ತಾಗಿಕೊಂಡು ಐದು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಖಾಲಿ ಜಾಗ. ಐದು ವರ್ಷದ ಮಗನಿಗೆ ಹಣ್ಣು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಳೆಯುವುದಿಲ್ಲ ಅಂತ ತೋರಿಸಬೇಕಂತೆ. "ಮಾವು, ಸೀಬೆ ಇಲ್ಲಿ ಆಗಲ್ಲ ಅಂತ ಗೊತ್ತು. ಗಾರ್ಡನ್ ಸೆಂಟರಿನಲ್ಲಿ ಬ್ಲ್ಯಾಕ್‌ಕರಂಟ್, ರೆಡ್‌ಕರಂಟ್, ಗೂಸ್‌ಬೆರಿ ಅಂತ ಮೂರು ಗಿಡ ಇಟ್ಟಿದ್ದಾರೆ, ಯಾವುದು ತರಲಿ? ಇನ್ನೊಂದು ವಿಷಯ, ನಮ್ಮ ವೀಸಾ ಇನ್ನು ಮೂರೇ ವರ್ಷ ಇದೆ. ಆಮೇಲೆ ಎಲ್ಲಿರ್ತೇವೋ ಗೊತ್ತಿಲ್ಲ. ನೆಟ್ಟು ಪ್ರಯೋಜನ ಇದೆಯಾ?" ಅಂತ ಕೇಳಿದ್ದಾರೆ.

ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ ಅಂತ ನನಗೆ ಅನಿಸಿತು. ಅದಕ್ಕೆ ಆಮೇಲೆ ಬರ್ತೇನೆ. ಮೊದಲು ಗಿಡದ ವಿಷಯ.

ಊರಲ್ಲಿ ಕೂತು ಓದುವವರಿಗೆ ಈ ಹೆಸರುಗಳದ್ದೇ ಒಂದು ಗೊಂದಲ. ಬ್ಲ್ಯಾಕ್‌ಕರಂಟ್ ಅಂದರೆ ನಮ್ಮಲ್ಲಿ ಐಸ್‌ಕ್ರೀಮ್. ಗಿಡ ನೋಡಿದವರು ಕಡಿಮೆ. ಕೇಕಿಗೆ ಹಾಕುವ ಒಣ ಕರಂಟ್ ಇದೆಯಲ್ಲ, ಅದು ಈ ಗಿಡದ್ದೇ ಅಲ್ಲ, ಸಣ್ಣ ಜಾತಿಯ ಒಣದ್ರಾಕ್ಷಿ. ಗ್ರೀಸಿನ ಕಾರಿಂತ್ ಊರಿನ ಹೆಸರಿನಿಂದ ಅದಕ್ಕೆ ಕರಂಟ್ ಅನ್ನುವ ಹೆಸರು ಬಂತು, ಆಮೇಲೆ ನೋಡಲು ಹಾಗೇ ಇದೆ ಅಂತ ಈ ಪೊದೆಯ ಹಣ್ಣಿಗೂ ಅಂಟಿತು. ಗೂಸ್‌ಬೆರಿಯದ್ದು ಇನ್ನೂ ತಮಾಷೆ. ನಮ್ಮ ಬೆಟ್ಟದ ನೆಲ್ಲಿಕಾಯಿಯನ್ನು ಇಂಡಿಯನ್ ಗೂಸ್‌ಬೆರಿ ಅಂತಾರೆ, ಕವಳಿಕಾಯಿಯನ್ನು ಬೆಂಗಾಲ್ ಕರಂಟ್ ಅಂತಾರೆ, ಸಿಪ್ಪೆಯ ಬುಡ್ಡೆಯೊಳಗೆ ಕೂತಿರುವ ಹಳದಿ ಹಣ್ಣನ್ನು ಕೇಪ್ ಗೂಸ್‌ಬೆರಿ ಅಂತಾರೆ. ಈ ಮೂರಕ್ಕೂ ನಾನು ಹೇಳುತ್ತಿರುವ ಗಿಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಕೇಪ್ ಗೂಸ್‌ಬೆರಿ ಟೊಮೆಟೊ ಕುಟುಂಬದ್ದು. ನಿಜವಾದ ಗೂಸ್‌ಬೆರಿ, ಬ್ಲ್ಯಾಕ್‌ಕರಂಟ್, ರೆಡ್‌ಕರಂಟ್ ಮೂರೂ ರೈಬೀಸ್ ಅನ್ನುವ ಒಂದೇ ಕುಲದ ದಾಯಾದಿಗಳು. ಚಳಿ ಬೇಕು. ಹಿಮಾಲಯದ ಮೇಲ್ಭಾಗದಲ್ಲಿ ಇದೇ ಕುಲದ ಕಾಡುಗಿಡಗಳಿವೆ, ಆದರೆ ವಿಂಧ್ಯದ ಈಚೆಗೆ ಇಳಿಯುವ ಜಾತಿಯಲ್ಲ.

ಈಗ ಓದುಗರ ಪ್ರಶ್ನೆ. ಯಾವುದು ತರಬೇಕು ಅನ್ನುವುದಕ್ಕೆ ಎಲ್ಲರೂ ಹಣ್ಣಿನ ರುಚಿಯಿಂದ ಶುರು ಮಾಡುತ್ತಾರೆ. ನಾನು ಕತ್ತರಿಯಿಂದ ಶುರು ಮಾಡಿ ಅಂತೀನಿ. ಯಾಕೆಂದರೆ ಬ್ಲ್ಯಾಕ್‌ಕರಂಟ್, ರೆಡ್‌ಕರಂಟ್ ಅಂತ ಪಕ್ಕಪಕ್ಕ ಒಂದೇ ಥರದ ಚೀಟಿ ಕಟ್ಟಿ ಇಟ್ಟಿರುತ್ತಾರೆ. ಎಲೆಯೂ ಸುಮಾರು ಒಂದೇ ಥರ. ಆದರೆ ಬದುಕುವ ರೀತಿ ಪೂರಾ ಉಲ್ಟಾ.

ಬ್ಲ್ಯಾಕ್‌ಕರಂಟ್ ಹೋದ ವರ್ಷ ಬಂದ ಹೊಸ ಕೊಂಬೆಯಲ್ಲಿ ಚೆನ್ನಾಗಿ ಹಣ್ಣು ಬಿಡುತ್ತದೆ. ಕೊಂಬೆ ಹಳೆಯದಾದ ಹಾಗೆ ಹಣ್ಣು ಕಡಿಮೆ. ಹಾಗಾಗಿ ಪ್ರತಿ ಚಳಿಗಾಲ ಅತಿ ಹಳೆಯ, ಕಪ್ಪು ತಿರುಗಿದ ಕೊಂಬೆಗಳಲ್ಲಿ ಮೂರನೇ ಒಂದು ಭಾಗವನ್ನು ಬುಡಸಮೇತ ಕಡಿದು, ಮಣ್ಣಿನೊಳಗಿಂದ ಹೊಸ ಚಿಗುರು ಎಬ್ಬಿಸುತ್ತಾ ಇರಬೇಕು. ಕಾಫಿ ತೋಟದವರಿಗೆ ಇದು ಹೊಸದಲ್ಲ, ಅರೇಬಿಕಾ ಕೂಡ ಹಿಂದಿನ ವರ್ಷದ ರೆಂಬೆಯಲ್ಲೇ ಫಸಲು ಕೊಡುವುದು.

ರೆಡ್‌ಕರಂಟ್, ಅದರ ಬಿಳಿ ತಂಗಿ ವೈಟ್‌ಕರಂಟ್, ಗೂಸ್‌ಬೆರಿ ಈ ಮೂರರ ಕಥೆ ಬೇರೆ. ಇವುಗಳ ಹಣ್ಣು ಹಳೆಯ ಕೊಂಬೆಯ ಮೇಲಿನ ಗಿಡ್ಡ ಗೆಣ್ಣುಗಳಲ್ಲಿ, ಮತ್ತೆ ಹೋದ ವರ್ಷದ ರೆಂಬೆಯ ಬುಡದಲ್ಲಿ. ಹಳೆಯ ಕೊಂಬೆಯೇ ಆಸ್ತಿ. ಅದನ್ನು ಕಾಪಾಡಿಕೊಂಡು, ಪಕ್ಕದ ರೆಂಬೆಗಳನ್ನು ಚಳಿಗಾಲದಲ್ಲಿ ಎರಡು ಮೂರು ಕಣ್ಣು ಉಳಿಸಿ ಮೊಟಕು ಮಾಡಬೇಕು. ತುದಿಯ ಬೆಳವಣಿಗೆ ಅರ್ಧಕ್ಕೆ. ಬೇಸಿಗೆಯಲ್ಲಿ ಹೊಸ ಚಿಗುರನ್ನು ಐದೆಲೆಗೆ ಚಿವುಟಿದರೆ ಒಳಗೆ ಬಿಸಿಲು ಗಾಳಿ ಆಡುತ್ತದೆ.

ಇದನ್ನು ಗೊತ್ತುಮಾಡಿಕೊಳ್ಳದೆ ಎರಡಕ್ಕೂ ಒಂದೇ ಕತ್ತರಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ಬೀದಿಯ ಹಿತ್ತಲುಗಳೇ ಸಾಕ್ಷಿ. ರೆಡ್‌ಕರಂಟಿನ ದಪ್ಪ ಕೊಂಬೆಗಳನ್ನೆಲ್ಲ ವರ್ಷವರ್ಷ ಬುಡಕ್ಕೆ ಕಡಿದು, ಬರೀ ಎಲೆಯ ಪೊದೆ ಸಾಕುತ್ತಿರುತ್ತಾರೆ. ಬ್ಲ್ಯಾಕ್‌ಕರಂಟಿನ ತುದಿಯನ್ನೆಲ್ಲ ಬೇಲಿ ಸವರಿದ ಹಾಗೆ ಸಮ ಮಾಡಿ, ಮುಂದಿನ ಜುಲೈನ ಹಣ್ಣನ್ನೆಲ್ಲ ಕಸದ ಬುಟ್ಟಿಗೆ ಹಾಕಿರುತ್ತಾರೆ. ಆಮೇಲೆ "ಈ ಗಿಡ ಸರಿಯಿಲ್ಲ" ಅಂತ ಕಿತ್ತುಹಾಕುತ್ತಾರೆ. ಗಿಡ ಏನು ಮಾಡೀತು ಪಾಪ.

ಇದನ್ನು ವಿಡಿಯೊ ಕಾಲ್‌ನಲ್ಲಿ ಅಪ್ಪಯ್ಯನಿಗೆ ಹೇಳಿದೆ. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ, ಅಡಿಕೆ ಮರಕ್ಕೆ ಕತ್ತರಿಯ ಪ್ರಶ್ನೆಯೇ ಇಲ್ಲ. ಆದರೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು ಇದೆಯಲ್ಲ. ಅರ್ಧ ನಿಮಿಷದಲ್ಲಿ ಹಿಡಿದುಬಿಟ್ಟರು. "ಮೆಣಸಿನ ಬಳ್ಳೀಲೂ ಹಾಗೇ ಅಲ್ವ ಮಾರಾಯ, ಕಾಳು ಬಿಡೋ ಅಡ್ಡಕುಡಿ ನೆಟ್ಟರೆ ಅದು ಮರ ಹತ್ತೋದಿಲ್ಲ, ಪೊದೆಮೆಣಸಾಗಿ ಕೂತುಬಿಡ್ತು. ಯಾವ ಕುಡಿ ಯಾವ ಕೆಲಸಕ್ಕೆ ಅಂತ ಗೊತ್ತಿರಬೇಕು, ಅಷ್ಟೇಯ" ಅಂದರು. ಒಂದು ಪುಸ್ತಕದ ಅಧ್ಯಾಯ ಓದಿ ನಾನು ಅರ್ಥ ಮಾಡಿಕೊಂಡಿದ್ದನ್ನು!

ಹಾಗಾದರೆ ಆಯ್ಕೆ ಹೇಗೆ? ನಿಮ್ಮ ಜಾಗ, ನಿಮ್ಮ ಸಮಯ, ನಿಮ್ಮ ಅಡುಗೆಮನೆ ಮೂರನ್ನೂ ನೋಡಿ.

ಬ್ಲ್ಯಾಕ್‌ಕರಂಟ್ ಹರಡಿಕೊಳ್ಳುವ ಪೊದೆ. ಮಾಮೂಲಿ ತಳಿಗೆ ಒಂದೂವರೆ ಮೀಟರಿಗಿಂತ ಹೆಚ್ಚು ಜಾಗ ಬೇಕು, ಬಿಸಿಲು ಬೇಕು, ಹೊಟ್ಟೆಬಾಕ ಬೇರೆ, ಕೊಟ್ಟಿಗೆ ಗೊಬ್ಬರ ಎಷ್ಟು ಹಾಕಿದರೂ ಬೇಡ ಅನ್ನುವುದಿಲ್ಲ. ಅಂಗಡಿಯಲ್ಲಿ ಇದರ ತಳಿಗಳ ಹೆಸರೆಲ್ಲ 'ಬೆನ್' ಅಂತ ಶುರುವಾಗುವುದನ್ನು ನೋಡಿರುತ್ತೀರಿ: ಬೆನ್ ಲೋಮಂಡ್, ಬೆನ್ ಸಾರೆಕ್, ಬೆನ್ ಕಾನನ್, ಬೆನ್ ಹೋಪ್. ಸ್ಕಾಟ್ಲೆಂಡಿನ ಡಂಡೀ ಪಕ್ಕದ ಇನ್ವರ್‌ಗೌರಿಯಲ್ಲಿರುವ ಸಂಶೋಧನಾ ಸಂಸ್ಥೆ ಬೆಳೆಸಿದ ತಳಿಗಳು ಇವು. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಬೆನ್ ಅಂದರೆ ಬೆಟ್ಟ. ಮೊದಲನೆಯ ಬೆನ್ ಲೋಮಂಡ್ 1975ರಲ್ಲಿ ಬಂತು. ಚಿಕ್ಕ ಹಿತ್ತಲಿಗೆ ಬೆನ್ ಸಾರೆಕ್ ಒಳ್ಳೆಯದು, ಒಂದು ಕಾಲು ಮೀಟರ್ ಮೀರುವುದಿಲ್ಲ. ಹಣ್ಣಿನ ಭಾರಕ್ಕೆ ಕೊಂಬೆ ಬಾಗುತ್ತದೆ, ಒಂದು ಊರುಗೋಲು ಕೊಡಬೇಕಷ್ಟೆ. ಬೆನ್ ಕಾನನ್ ಕೂಡ ಸಾಧಾರಣ ಅಷ್ಟೇ ಗಾತ್ರ, ಹಣ್ಣು ದಪ್ಪ.

ಬೆನ್ ಹೋಪ್ ಯಾಕೆ ಹೇಳಿದೆ ಅಂದರೆ, ಬ್ಲ್ಯಾಕ್‌ಕರಂಟಿನ ದೊಡ್ಡ ಶತ್ರು ಒಂದು ನುಸಿ. ತೆಂಗಿನ ನುಸಿ ನೋಡಿದವರಿಗೆ ಇದರ ವಿಷಯ ಬೇಗ ಅರ್ಥವಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಕೊಂಬೆಯ ಕಣ್ಣಿನೊಳಗೆ ಸೇರಿಕೊಂಡರೆ, ಚಳಿಗಾಲದಲ್ಲಿ ಚೂಪಾಗಿರಬೇಕಾದ ಕಣ್ಣು ಬಟಾಣಿಯ ಹಾಗೆ ಗುಂಡಗೆ ಊದಿಕೊಳ್ಳುತ್ತದೆ. ನುಸಿಯ ಜೊತೆಗೆ ರಿವರ್ಷನ್ ಅನ್ನುವ ವೈರಸ್ಸೂ ಬರುತ್ತದೆ, ಗಿಡ ಹಣ್ಣು ಬಿಡುವುದನ್ನು ನಿಲ್ಲಿಸುತ್ತದೆ. ಔಷಧಿ ಇಲ್ಲ. ಗಿಡ ಅಗೆದು ಸುಡುವುದೇ. ಬೆನ್ ಹೋಪ್ ಆ ನುಸಿಯನ್ನು ತಡೆದುಕೊಳ್ಳುತ್ತದೆ. ಅದಕ್ಕೇ ಯಾರಾದರೂ ಪ್ರೀತಿಯಿಂದ "ನಮ್ಮ ಹಿತ್ತಲ ಬ್ಲ್ಯಾಕ್‌ಕರಂಟ್ ತಗೊಳ್ಳಿ" ಅಂತ ಗಿಡ ಕೊಟ್ಟರೆ, ಕಣ್ಣುಗಳನ್ನು ಒಂದೊಂದಾಗಿ ನೋಡಿ ತಗೊಳ್ಳಿ. ಸಂಕೋಚ ಬೇಡ. ರೋಗವಿಲ್ಲ ಅಂತ ದೃಢೀಕರಿಸಿದ ಗಿಡ ನರ್ಸರಿಯಲ್ಲಿ ಸಿಗುತ್ತದೆ, ನಾಲ್ಕು ಕಾಸು ಹೆಚ್ಚಾದರೂ ಅದೇ ಸರಿ.

ಈ ಹಣ್ಣಿಗೆ ಇಲ್ಲಿಯವರಿಗಿರುವ ಪ್ರೀತಿಗೆ ಒಂದು ಹಿನ್ನೆಲೆ ಇದೆ. ರೈಬೀನಾ ಅನ್ನುವ ಬ್ಲ್ಯಾಕ್‌ಕರಂಟ್ ಶರಬತ್ತು 1938ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಯುದ್ಧ. ಹಡಗಿನಲ್ಲಿ ಕಿತ್ತಳೆ ಬರುವುದು ಕಷ್ಟವಾದಾಗ, ಇದರಲ್ಲಿ ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ಸಿ ವಿಟಮಿನ್ ಇದೆ ಅಂತ ಸರ್ಕಾರ ಚಿಕ್ಕ ಮಕ್ಕಳಿಗೆ ಬ್ಲ್ಯಾಕ್‌ಕರಂಟ್ ಸಿರಪ್ ಹಂಚಿತು. ಇವತ್ತಿಗೂ ಬ್ರಿಟನ್ನಿನ ಬ್ಲ್ಯಾಕ್‌ಕರಂಟ್ ಫಸಲಿನ ಬಹುಪಾಲು ಹೋಗುವುದು ಆ ಬಾಟಲಿಗೇ. ಹಾಗಾಗಿ ತಾಜಾ ಹಣ್ಣು ಅಂಗಡಿಯಲ್ಲಿ ಸಿಗುವುದೇ ಅಪರೂಪ. ಬೇಕು ಅಂದರೆ ಬೆಳೆದೇ ತಿನ್ನಬೇಕು.

ಆದರೆ ನನ್ನ ಮಾತು ಕೇಳಿದರೆ, ಐದು ವರ್ಷದ ಹುಡುಗನಿಗೆ ಬ್ಲ್ಯಾಕ್‌ಕರಂಟ್ ಮೊದಲ ಹಣ್ಣಾಗುವುದು ಬೇಡ. ಗಿಡದಿಂದ ಕಿತ್ತು ಬಾಯಿಗೆ ಹಾಕಿದರೆ ಒಗರು ಹುಳಿ, ಎಲೆಗೂ ಒಂದು ಗಾಢ ವಾಸನೆ. ದೊಡ್ಡವರಿಗೆ ಅದು ಚಟವಾಗುತ್ತದೆ, ಮಕ್ಕಳು ಮುಖ ಕಿವುಚುತ್ತಾರೆ. ನನ್ನ ಮಗಳು ಥೂ ಅಂತ ಉಗಿದು ಅದೇ ಹಣ್ಣಿನ ಜಾಮನ್ನು ದೋಸೆಗೆ ಹಚ್ಚಿ ಹಚ್ಚಿ ತಿನ್ನುತ್ತಾಳೆ.

ಮಕ್ಕಳ ಕಣ್ಣಿಗೆ ಬೀಳುವುದು ರೆಡ್‌ಕರಂಟ್. ಜುಲೈನಲ್ಲಿ ಕೆಂಪು ಗಾಜಿನ ಮಣಿ ಪೋಣಿಸಿ ನೇತುಹಾಕಿದ ಹಾಗೆ ಗೊಂಚಲು. ಹುಳಿಯೇ, ಆದರೆ ಚುರುಕು ಹುಳಿ, ಒಗರಿಲ್ಲ. ವೈಟ್‌ಕರಂಟ್ ಇನ್ನೂ ಸಿಹಿ. ಡಚ್ಚರ ಯೊಂಕೀರ್ ಫಾನ್ ಟೆಟ್ಸ್ ಬೇಗ ಹಣ್ಣಾಗುತ್ತದೆ, ರೊವಾಡಾ ತಡ, ಗೊಂಚಲು ಉದ್ದ, ಕೀಳುವುದು ಸುಲಭ. ಇದರ ದೊಡ್ಡ ಗುಣ ಏನೆಂದರೆ ಬಿಸಿಲು ಕಡಿಮೆ ಬೀಳುವ ಉತ್ತರದ ಗೋಡೆಗೂ ಹೊಂದಿಕೊಳ್ಳುತ್ತದೆ. ಹಳೆಯ ಕೊಂಬೆಯೇ ಹಣ್ಣು ಕೊಡುವುದರಿಂದ, ಬೇಲಿಗೆ ತಂತಿ ಎಳೆದು ಒಂದೇ ಕಾಂಡವನ್ನು ನೆಟ್ಟಗೆ ಹತ್ತಿಸಬಹುದು, ಅದಕ್ಕೆ ಇಲ್ಲಿ ಕಾರ್ಡನ್ ಅಂತಾರೆ. 35–40 ಸೆಂಟಿಮೀಟರಿಗೊಂದು ಗಿಡ ಸಾಕು. ಬ್ಲ್ಯಾಕ್‌ಕರಂಟನ್ನು ಹೀಗೆ ಬೇಲಿಗೆ ಕಟ್ಟಲು ಆಗುವುದಿಲ್ಲ, ಕಾರಣ ಈಗ ನಿಮಗೇ ಗೊತ್ತು.

ಇನ್ನು ಗೂಸ್‌ಬೆರಿ. ಇದು ನನ್ನ ಪಕ್ಷಪಾತ, ಒಪ್ಪಿಕೊಂಡೇ ಬರೆಯುತ್ತೇನೆ. ನಾವಿರುವ ಯಾರ್ಕ್‌ಶರ್ ಗೂಸ್‌ಬೆರಿಯ ಸೀಮೆ. ಲೀಡ್ಸ್‌ನಿಂದ ಈಶಾನ್ಯಕ್ಕೆ, ಸಮುದ್ರದ ಕಡೆ ಹೋದರೆ ಎಗ್ಟನ್ ಬ್ರಿಜ್ ಅನ್ನುವ ಹಳ್ಳಿ ಸಿಗುತ್ತದೆ. 1800ರಿಂದ ಅಲ್ಲಿ ಗೂಸ್‌ಬೆರಿ ಪ್ರದರ್ಶನ ನಡೆದುಕೊಂಡು ಬಂದಿದೆ, ಆಗಸ್ಟಿನ ಮೊದಲ ಮಂಗಳವಾರ. ರುಚಿಗಲ್ಲ, ತೂಕಕ್ಕೆ ಬಹುಮಾನ! ತಕ್ಕಡಿಯಲ್ಲಿ ಒಂದೊಂದೇ ಹಣ್ಣು ಇಟ್ಟು ತೂಗುತ್ತಾರೆ. ಈಗಿನ ದಾಖಲೆ 64 ಗ್ರಾಂಗೂ ಹೆಚ್ಚು, ಅಂದರೆ ಸಾಧಾರಣ ಕೋಳಿಮೊಟ್ಟೆಯ ತೂಕ. ಇಂಥ ಸ್ಪರ್ಧೆಗಳು ಕಾಡುಹಣ್ಣನ್ನು ಎಷ್ಟು ದಪ್ಪ ಮಾಡಿದವು ಅಂತ ಚಾರ್ಲ್ಸ್ ಡಾರ್ವಿನ್ ಕೂಡ ಸಾಕುಪ್ರಾಣಿ, ಸಾಕುಗಿಡಗಳ ಮೇಲಿನ ತನ್ನ ಪುಸ್ತಕದಲ್ಲಿ ಲೆಕ್ಕ ಹಾಕಿದ್ದಾನೆ. ಒಳ್ಳೆಯ ಗಿಡವನ್ನೇ ಆರಿಸಿ ಆರಿಸಿ ಬೆಳೆಸಿದ್ದು ಬಹುಪಾಲು ಕೂಲಿಕಾರರು, ನೇಕಾರರು.

ಗೂಸ್‌ಬೆರಿ ತಳಿ ಆರಿಸುವಾಗ ಎರಡು ವಿಷಯ ನೋಡಿ: ಬೂದಿರೋಗ ಮತ್ತು ಮುಳ್ಳು. ಅಮೆರಿಕದಿಂದ ಬಂದ ಒಂದು ಬೂದಿರೋಗ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯುರೋಪಿನ ಗೂಸ್‌ಬೆರಿ ತೋಟಗಳನ್ನು ಹಾಳು ಮಾಡಿತು, ಅದು ಈಗಲೂ ಇದೆ. ಎಲೆ, ಚಿಗುರು, ಕಾಯಿಯ ಮೇಲೆಲ್ಲ ಬಿಳಿ ಹಿಟ್ಟು ಎರಚಿದ ಹಾಗೆ, ಆಮೇಲೆ ಕಂದು ತೊಗಟೆ. ನಮ್ಮೂರವರಿಗೆ ಕೂಡಲೇ ಮೈಲುತುತ್ತ, ಸುಣ್ಣ ನೆನಪಾಗುತ್ತದೆ. ಅಪ್ಪಯ್ಯನೂ ಅದನ್ನೇ ಕೇಳಿದರು. ಇಲ್ಲಿ ಮನೆತೋಟಕ್ಕೆ ಈಗ ಬೋರ್ಡೊ ದ್ರಾವಣ ಮಾರುವುದಿಲ್ಲ. ಹಾಗಾಗಿ ತಳಿಯೇ ಔಷಧಿ. ಇನ್ವಿಕ್ಟಾ ರೋಗ ತಡೆಯುತ್ತದೆ, ರಾಶಿ ಕಾಯಿ ಬಿಡುತ್ತದೆ, ಅಡುಗೆಗೆ ಬಲು ಚೆನ್ನ. ಆದರೆ ಮುಳ್ಳೋ ಮುಳ್ಳು. ಫಿನ್ಲೆಂಡಿನ ಹಿನ್ನೊನ್‌ಮಾಕಿ ರೆಡ್ ಕೂಡ ರೋಗಕ್ಕೆ ಜಗ್ಗದು, ಹಣ್ಣಾದರೆ ಸಿಹಿ. ಪ್ಯಾಕ್ಸ್ ಅನ್ನುವುದಕ್ಕೆ ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ, ಮಕ್ಕಳಿರುವ ಮನೆಗೆ ಅದೇ ಸರಿ. ಲೆವೆಲರ್ ರುಚಿಯಲ್ಲಿ ಎಲ್ಲಕ್ಕಿಂತ ಮೇಲು ಅಂತ ಹಳಬರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ, ಆದರೆ ಮಣ್ಣು ಚೆನ್ನಾಗಿಲ್ಲದಿದ್ದರೆ ಸೊರಗುತ್ತದೆ, ಬೂದಿರೋಗವನ್ನು ಕೈಬೀಸಿ ಕರೆಯುತ್ತದೆ. ಮೊದಲ ಗಿಡಕ್ಕೆ ಬೇಡ.

ನಾನು ಗೂಸ್‌ಬೆರಿ ಪಕ್ಷದವನಾಗಲು ಅಡುಗೆಮನೆಯೂ ಕಾರಣ. ಇದು ಒಂದೇ ಗಿಡದಲ್ಲಿ ಎರಡು ಬೆಳೆ. ಮೇ ಕೊನೆ, ಜೂನ್ ಶುರುವಿನಲ್ಲಿ ಒಂದು ಬಿಟ್ಟು ಒಂದು ಕಾಯಿ ಕಿತ್ತರೆ ಉಳಿದವು ದಪ್ಪವಾಗಿ ಜುಲೈನಲ್ಲಿ ಹಣ್ಣಾಗುತ್ತವೆ. ಆ ಕಿತ್ತ ಹಸಿಕಾಯಿ ಇದೆಯಲ್ಲ, ಇಂಗ್ಲಿಷರು ಅದಕ್ಕೆ ಮಣಗಟ್ಟಲೆ ಸಕ್ಕರೆ ಸುರಿದು ಕ್ರಂಬಲ್, ಫೂಲ್ ಅಂತ ಸಿಹಿ ಮಾಡುತ್ತಾರೆ. ನಮಗೆ ಅದು ಮಾವಿನಕಾಯಿ. ಹೋದ ಜೂನಿನಲ್ಲಿ ಬಂದಿದ್ದ ಅಮ್ಮ ಒಂದು ಕಾಯಿ ಕಚ್ಚಿ, ಕಣ್ಣು ಮುಚ್ಚಿ, "ಇದಕ್ಕೆ ಎಂತಕ್ಕೆ ಇಷ್ಟು ಸಕ್ಕರೆ ಹಾಕ್ತಾರೆ? ಅಪ್ಪೆಹುಳಿ ಆಗ್ತು" ಅಂದರು. ಹತ್ತು ಹನ್ನೆರಡು ಕಾಯಿ ಬೇಯಿಸಿ, ಹಿಸುಕಿ, ಬೀಜ ಸಿಪ್ಪೆ ಸೋಸಿ, ಧಾರಾಳ ನೀರು, ಉಪ್ಪು, ಹಸಿಮೆಣಸು, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಅಪ್ಪೆಮಿಡಿಯ ಪರಿಮಳ ಬರುವುದಿಲ್ಲ, ಅದು ಬೇರೆಯೇ. ಆದರೆ ಹುಳಿ ಹುಳಿಯೇ. ಚಿತ್ರಾನ್ನಕ್ಕೂ ತುರಿದ ಮಾವಿನಕಾಯಿಯ ಬದಲು ಸಣ್ಣಗೆ ಹೆಚ್ಚಿ ಹಾಕಬಹುದು. ರೆಡ್‌ಕರಂಟ್ ಬೇಯಿಸಿ ಸೋಸಿ, ಬೆಲ್ಲ, ಜೀರಿಗೆ ಹಾಕಿದರೆ ಮುರುಗಲು ಸಾರಿನ ಅಣ್ಣನೋ ತಮ್ಮನೋ. ಬಣ್ಣ ಅಂತೂ ಅದೇ.

ಹಾಗಾಗಿ ಐದು ಮೀಟರ್ ಜಾಗಕ್ಕೆ ನನ್ನ ಪ್ಲಾನ್: ಬಿಸಿಲು ಹೆಚ್ಚು ಬೀಳುವ ತುದಿಯಲ್ಲಿ ಒಂದು ಬೆನ್ ಸಾರೆಕ್, ನಡುವೆ ಬೇಲಿಗೆ ಕಟ್ಟಿದ ಮೂರು ರೆಡ್‌ಕರಂಟ್, ಇನ್ನೊಂದು ತುದಿಯಲ್ಲಿ ಪ್ಯಾಕ್ಸ್ ಅಥವಾ ಹಿನ್ನೊನ್‌ಮಾಕಿ ಗೂಸ್‌ಬೆರಿ. ಮೂರೂ ಜಾತಿ ತಮ್ಮ ಹೂವಿನಿಂದಲೇ ಕಾಯಿ ಕಟ್ಟುತ್ತವೆ, ಜೋಡಿ ಗಿಡ ಬೇಡ. ಜೋಸ್ಟಾಬೆರಿ ಅಂತ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಸೇರಿಸಿ ಜರ್ಮನಿಯಲ್ಲಿ ಮಾಡಿದ ಗಿಡವನ್ನೂ ಅಂಗಡಿಯವರು ತೋರಿಸಬಹುದು. ಮುಳ್ಳಿಲ್ಲ, ಹಣ್ಣು ದಪ್ಪ, ಆದರೆ ನಿಮ್ಮ ಬೇಲಿಯನ್ನೇ ನುಂಗುತ್ತದೆ.

ನೆಡುವುದಕ್ಕೆ ಇದೇ ಕಾಲ. ನವೆಂಬರಿನಿಂದ ಮಾರ್ಚ್‌ವರೆಗೆ ಮಣ್ಣಿಲ್ಲದ ಬರಿಬೇರಿನ ಗಿಡ ಕಳಿಸುತ್ತಾರೆ, ಕುಂಡದ ಗಿಡಕ್ಕಿಂತ ಅಗ್ಗ. ಬಂದಾಗ ನೋಡಿದರೆ ಒಣಕಡ್ಡಿ, ಹೆದರಬೇಡಿ. ನೆಡುವಾಗಲೂ ಎರಡು ಲೆಕ್ಕ. ಬ್ಲ್ಯಾಕ್‌ಕರಂಟನ್ನು ನರ್ಸರಿಯ ಮಣ್ಣಿನ ಗುರುತಿಗಿಂತ ಐದಾರು ಸೆಂಟಿಮೀಟರ್ ಆಳಕ್ಕೆ ಇಳಿಸಿ, ಎಲ್ಲ ಕೊಂಬೆಯನ್ನೂ ಒಂದೆರಡು ಕಣ್ಣು ಬಿಟ್ಟು ಕಡಿದುಬಿಡಿ. ಕೈ ನಡುಗುತ್ತದೆ, ಆದರೂ ಕಡಿಯಿರಿ. ಮಣ್ಣಿನಡಿಯಿಂದ ಗಟ್ಟಿ ಚಿಗುರು ಬರುವುದು ಆಗಲೇ. ರೆಡ್‌ಕರಂಟ್, ಗೂಸ್‌ಬೆರಿಯನ್ನು ಹಳೆಯ ಗುರುತಿಗೆ ಸಮವಾಗಿ ನೆಡಿ, ನೆಲದಿಂದ ಒಂದು ಗೇಣು ಬರೀ ಕಾಂಡ ಇರಲಿ. ಮೇಲೆ ದರಕು ಹೊದೆಸಿದ ಹಾಗೆ ಗೊಬ್ಬರವೋ ಕೊಳೆತ ಎಲೆಯೋ ಹೊದೆಸಿ. ಗೂಸ್‌ಬೆರಿಗೆ ಸಾರಜನಕ ಹೆಚ್ಚಾಗಬಾರದು, ಮೆತ್ತನೆ ಚಿಗುರು ಬಂದು ಬೂದಿರೋಗ ಹತ್ತುತ್ತದೆ. ಅದಕ್ಕೆ ಪೊಟ್ಯಾಶ್ ಬೇಕು.

ಆಮೇಲೆ ನೆನಪಿಡಬೇಕಾದ್ದು ಏಪ್ರಿಲ್ ಕೊನೆಯ ಎರಡು ವಾರ. ಗೂಸ್‌ಬೆರಿಯ ಎಲೆ ತಿನ್ನುವ ಸಾಫ್ಲೈ ಹುಳ ಪೊದೆಯ ನಡುವಿನಲ್ಲಿ, ಕೆಳಗಿನ ಎಲೆಯಲ್ಲಿ ಶುರುಮಾಡುತ್ತದೆ. ಹೊರಗಿಂದ ನೋಡಿದರೆ ಏನೂ ಕಾಣದು. ಒಂದು ವಾರ ಬಿಟ್ಟರೆ ಎಲೆಯ ನರ ಮಾತ್ರ ಉಳಿದಿರುತ್ತದೆ. ಬಗ್ಗಿ ಒಳಗೆ ನೋಡಿ ಕೈಯಲ್ಲೇ ಆರಿಸಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಮಗಳದ್ದು, ಒಂದು ಹುಳಕ್ಕೆ ಒಂದು ಪೆನ್ನಿ ಕೂಲಿ. ಹೂ ಬಿಟ್ಟಾಗ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಸೂಚನೆ ಇದ್ದರೆ ತೆಳು ಬಟ್ಟೆ ಹೊದೆಸಿ, ಬೆಳಿಗ್ಗೆ ಜೇನು ಬರುವ ಹೊತ್ತಿಗೆ ತೆಗೆಯಿರಿ.

ಈಗ ಮೂರು ವರ್ಷದ ಪ್ರಶ್ನೆ. ಲೆಕ್ಕವನ್ನೇ ಮಾಡೋಣ. ಈ ನವೆಂಬರಿನಲ್ಲಿ ಎರಡು ವರ್ಷದ ಗಿಡ ನೆಟ್ಟರೆ, ಮೊದಲ ಬೇಸಿಗೆ ಗೂಸ್‌ಬೆರಿ, ರೆಡ್‌ಕರಂಟ್ ಒಂದೊಂದು ಹಿಡಿ, ಬ್ಲ್ಯಾಕ್‌ಕರಂಟ್ ಶೂನ್ಯ. ಎರಡನೇ ಬೇಸಿಗೆ ಮೂರೂ ಬಿಡುತ್ತವೆ. ಮೂರನೆಯದಕ್ಕೆ ಜಾಮ್ ಮಾಡುವಷ್ಟು. ಅಂದರೆ ವೀಸಾದೊಳಗೇ ಮೂರು ಹಂಗಾಮು ಸಿಕ್ಕಿತು. ಮಗನಿಗೆ ಆಗ ಎಂಟು ವರ್ಷ.

ಮನೆ ಬದಲಾದರೆ? ಇದು ನನಗೆ ಆಗಿದೆ. ಮೊದಲಿದ್ದ ಮನೆಯ ಮಾಲೀಕರು ಮನೆ ಮಾರುತ್ತೇವೆ, ಎರಡು ತಿಂಗಳಲ್ಲಿ ಖಾಲಿ ಮಾಡಿ ಅಂದರು. ನೆಲದಲ್ಲಿ ಬೇರೂರಿದ ಗಿಡ ಕೀಳಲು ಮನಸ್ಸಾಗಲಿಲ್ಲ. ಅದು ನವೆಂಬರ್, ಎಲೆ ಉದುರಿತ್ತು. ಆ ವರ್ಷದ ಗಟ್ಟಿ ಕೊಂಬೆಗಳನ್ನು ಪೆನ್ಸಿಲ್ ದಪ್ಪದ್ದು ನೋಡಿ ಕಡಿದು, ಒದ್ದೆ ಪೇಪರಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಬಂದೆ. ಈಗಿನ ಹಿತ್ತಲ ಮೂಲೆಯಲ್ಲಿ ಸಾಲಾಗಿ ಚುಚ್ಚಿದೆ. ಬ್ಲ್ಯಾಕ್‌ಕರಂಟಿನ ಕಡ್ಡಿ ಒಂದು ಗೇಣಿಗಿಂತ ಸ್ವಲ್ಪ ಉದ್ದ ಸಾಕು, ಎಲ್ಲ ಕಣ್ಣನ್ನೂ ಬಿಟ್ಟು, ಎರಡು ಮೂರು ಕಣ್ಣು ಮಾತ್ರ ಮೇಲೆ ಕಾಣುವಂತೆ ಹೂಳಬೇಕು. ರೆಡ್‌ಕರಂಟ್, ಗೂಸ್‌ಬೆರಿಗೆ ಮೂವತ್ತು ಸೆಂಟಿಮೀಟರ್, ಕೆಳಗಿನ ಕಣ್ಣುಗಳನ್ನು ಉಜ್ಜಿ ತೆಗೆಯಬೇಕು, ಇಲ್ಲವಾದರೆ ಬುಡದಿಂದೆಲ್ಲ ಚಿಗುರು ಎದ್ದು ಕಾಂಡ ಸಿಗುವುದಿಲ್ಲ. ಕಡ್ಡಿಗೂ ಎರಡು ಲೆಕ್ಕ, ನೋಡಿ! ಬ್ಲ್ಯಾಕ್‌ಕರಂಟ್ ಒಂದೂ ಬಿಡದೆ ಚಿಗುರಿತು. ಗೂಸ್‌ಬೆರಿ ಸ್ವಲ್ಪ ಹಟಮಾರಿ, ಹತ್ತರಲ್ಲಿ ನಾಲ್ಕು ಬಂತು. ಅಮ್ಮ ಅಪ್ಪೆಹುಳಿ ಮಾಡಿದ್ದು ಆ ನಾಲ್ಕರ ಕಾಯಿಯಲ್ಲೇ. ಹಳೆಯ ಪೊದೆಗಳು ಆ ಮನೆಯಲ್ಲೇ ಇವೆ. ಒಳ್ಳೆಯ ಆರೈಕೆಯಲ್ಲಿ ಗೂಸ್‌ಬೆರಿ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ, ಯಾರಾದರೂ ತಿನ್ನುತ್ತಿರಬಹುದು.

ಮಾಲೀಕರು ನೆಲ ಅಗೆಯಲು ಬಿಡದಿದ್ದರೆ 45 ಸೆಂಟಿಮೀಟರ್ ಅಗಲದ ಕುಂಡದಲ್ಲೂ ಗೂಸ್‌ಬೆರಿ, ಬೆನ್ ಸಾರೆಕ್ ಬರುತ್ತವೆ, ಬೇಸಿಗೆಯಲ್ಲಿ ನೀರು ತಪ್ಪಬಾರದು. ಅಮೆರಿಕದಲ್ಲಿರುವವರಿಗೆ ಒಂದು ಮಾತು: ಅಲ್ಲಿ ಬಿಳಿ ಪೈನ್ ಮರಕ್ಕೆ ತುಕ್ಕುರೋಗ ಹರಡುತ್ತದೆ ಅಂತ ಈ ಗಿಡಗಳ ಮೇಲೆ ದೇಶವ್ಯಾಪಿ ನಿಷೇಧ ಇತ್ತು. 1966ರಲ್ಲಿ ಅದು ಹೋಗಿ ರಾಜ್ಯಗಳಿಗೆ ಬಿಟ್ಟಿದ್ದಾರೆ. ನ್ಯೂಯಾರ್ಕ್ 2003ರಲ್ಲಿ ಸಡಿಲಿಸಿತು, ಕೆಲವು ರಾಜ್ಯಗಳಲ್ಲಿ ನಿರ್ಬಂಧ ಇನ್ನೂ ಇದೆ. ನಿಮ್ಮ ರಾಜ್ಯದ ನಿಯಮ ನೋಡಿಕೊಂಡೇ ಕೊಳ್ಳಿ.

ವೀಸಾ ಮುಗಿದು ಊರಿಗೇ ಹೋಗುವುದಾದರೆ ಕಡ್ಡಿ ಬ್ಯಾಗಿಗೆ ಹಾಕಬೇಡಿ. ಪರವಾನಗಿ, ಸಸ್ಯ ತಪಾಸಣೆಯ ಪತ್ರ ಇಲ್ಲದೆ ಗಿಡ ಒಯ್ಯುವಂತಿಲ್ಲ. ಒಯ್ದರೂ ಉಪಯೋಗವಿಲ್ಲ. ಬ್ಲ್ಯಾಕ್‌ಕರಂಟಿನ ಎಷ್ಟೋ ತಳಿಗಳಿಗೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗೆ ಸಾವಿರ ಗಂಟೆಗೂ ಹೆಚ್ಚು ಸಿಗಬೇಕು, ಇಲ್ಲದಿದ್ದರೆ ಕಣ್ಣು ಸರಿಯಾಗಿ ಒಡೆಯುವುದಿಲ್ಲ. ಇಂಗ್ಲೆಂಡಿನಲ್ಲೇ ಚಳಿಗಾಲ ಬೆಚ್ಚಗಾಗುತ್ತಿದೆ, ದಕ್ಷಿಣದ ಬೆಳೆಗಾರರಿಗೆ ಈಗ ಅದೇ ಚಿಂತೆ. ಕಡಿಮೆ ಚಳಿಗೂ ಹೂಬಿಡುವ ತಳಿಗಾಗಿ ಇನ್ವರ್‌ಗೌರಿಯಲ್ಲಿ ಕೆಲಸ ನಡೆಯುತ್ತಿದೆ.

ಇದನ್ನೂ ಅಪ್ಪಯ್ಯನಿಗೆ ಹೇಳಿದ್ದೆ. ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಸುತ್ತಲಿನ ತೋಟಗಳಿಗೂ ಬಂದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿನವಕ್ಕೂ ತಳಿ ಬದಲಾಯಿಸೋ ಕಾಲ ಬಂತು ಅನ್ನು" ಅಂದರು. ಆಮೇಲೆ, "ಇಲ್ಲಿ ಇಷ್ಟು ಜಾಗ ಇಟ್ಟುಕೊಂಡು ಅಲ್ಲಿ ಬೇರೆಯವರ ಹಿತ್ತಲಲ್ಲಿ ಕಡ್ಡಿ ನೆಡ್ತೆಯಲ್ಲ" ಅಂತ ನಕ್ಕರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬ್ಲ್ಯಾಕ್‌ಕರಂಟನ್ನು ಎಷ್ಟು ಆಳಕ್ಕೆ ಇಳಿಸಿದೆ ಅಂತ ಅವರೇ ಮಾತು ಬದಲಿಸಿದರು.

ಓದುಗರಿಗೆ ಕೊನೆಯದಾಗಿ: ಜೂನ್ ಬಂದಾಗ ರೆಡ್‌ಕರಂಟಿಗೆ ಬಲೆ ಹಾಕುವುದನ್ನು ಮರೆಯಬೇಡಿ. ಕಾಯಿ ಕೆಂಪಾದ ದಿನವೇ ಬ್ಲ್ಯಾಕ್‌ಬರ್ಡ್‌ಗಳು ಹಾಜರ್, ಸಂಜೆಗೆ ಬರೀ ಕಡ್ಡಿ ಇರುತ್ತದೆ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ದಿನಕ್ಕೊಮ್ಮೆ ಸುತ್ತ ನೋಡಿ, ಹಕ್ಕಿ ಸಿಕ್ಕಿಕೊಂಡಿದ್ದರೆ ಬಿಡಿಸಿ. ಮುಂದಿನ ತಿಂಗಳು ರುಬಾರ್ಬ್ ಬಗ್ಗೆ ಬರೆಯುತ್ತೇನೆ.